ಮಿಷನ್: ಒಂದು, ಹತ್ತು ಎಚ್.ಪಿ.

ನಾನು ಕೆಲಸ ಮಾಡುವ ದಾವಣಗೆರೆಯ ಆಸ್ಪತ್ರೆಯ ಹಜಾರದಲ್ಲಿ, ಚೀಟಿ ಕೊಡುವ ಕೌಂಟರಿಗೂ ಕುಡಿಯುವ ನೀರಿನ ನಲ್ಲಿಗೂ ನಡುವಿನ ಗೋಡೆಯ ಮೇಲೆ, ಗಾಜು ಕೂಡಿಸಿದ ಎರಡು ದೊಡ್ಡ ಫಲಕಗಳಿವೆ. ಒಂದರ ನೆತ್ತಿಯ ಮೇಲೆ ‘ನಮ್ಮ ವಿಷನ್’ ಎಂದೂ ಇನ್ನೊಂದರ ನೆತ್ತಿಯ ಮೇಲೆ ‘ನಮ್ಮ ಮಿಷನ್’ ಎಂದೂ ಬಂಗಾರದ ಬಣ್ಣದಲ್ಲಿ ಬರೆಸಲಾಗಿದೆ. ಅವುಗಳ ಕೆಳಗಿನ ಸಣ್ಣ ಅಕ್ಷರಗಳನ್ನು ಇದುವರೆಗೆ ಪೂರ್ತಿಯಾಗಿ ಓದಿದವರು ಇಬ್ಬರೇ: ಬರೆದ ಪೇಂಟರು ಮತ್ತು ಅವರ ಕಾಗುಣಿತ ತಿದ್ದಿದ ನಾನು. ಆದರೆ ದಪ್ಪ ಅಕ್ಷರಗಳಿಗೆ ಓದುಗರ ಬರವಿಲ್ಲ. ವಾರಕ್ಕೊಬ್ಬರಾದರೂ ‘ನಮ್ಮ ಮಿಷನ್’ ಫಲಕದ ಎದುರು ಬಂದು ನಿಂತು, ವಿಧೇಯರಾಗಿ ಅಂಗಿಯ ಗುಂಡಿ ಬಿಚ್ಚಲು ತೊಡಗುತ್ತಾರೆ. ಒಳಗೆ ಡಾಕ್ಟರು ಅವರಿಗೆ “ಒಂದ್ಸಲ ಮಿಷನ್ನಿಗೆ ಹಾಕಿ ನೋಡಬೇಕು” ಎಂದಿರುತ್ತಾರೆ. ಹೊರಗೆ ಬಂದರೆ ಗೋಡೆಯ ಮೇಲೆ ಮಿಷನ್ ಎಂದು ಬರೆದೇ ಇರುತ್ತದೆ. ಬಡಪಾಯಿ ಇನ್ನೇನು ಮಾಡಬೇಕು? ಮೊನ್ನೆ ಆವರಗೆರೆಯ ಅಜ್ಜರೊಬ್ಬರು ಮೂರು ಗುಂಡಿ ಬಿಚ್ಚಿ, ನಾಲ್ಕನೆಯದಕ್ಕೆ ಕೈ ಹಾಕಿದಾಗ ನಾನು ಓಡಿಹೋದೆ.

“ಅಜ್ಜಾರೆ, ಇದು ಆ ಮಿಷನ್ ಅಲ್ಲ.”

“ಮತ್ಯಾವ್ದವ್ವಾ?”

ನಾನು ಎಂಬಿಎ ಮಾಡಿದವಳು. ಈ ಪ್ರಶ್ನೆಗೆ ಉತ್ತರ ಕಲಿಯಲೆಂದೇ ಎರಡು ವರ್ಷ ಬಸ್ಸಿನಲ್ಲಿ ನಿಂತುಕೊಂಡು ಹೋಗಿ ಬಂದವಳು. ಅಜ್ಜರ ಕೈ ಹಿಡಿದು ಎಕ್ಸರೇ ಕೋಣೆಗೆ ಕರೆದುಕೊಂಡು ಹೋದೆ.

ಕನ್ನಡದ ನಾಲಿಗೆ ಬಲು ಉದಾರವಾದದ್ದು ನೋಡಿ. ಹೊರಗಿನಿಂದ ಎರಡು ಬೇರೆ ಬೇರೆ ಶಬ್ದಗಳು ಬಂದು ಬಾಗಿಲು ತಟ್ಟಿದರೆ ಕುಲಗೋತ್ರ ವಿಚಾರಿಸುವ ಗೋಜಿಗೆ ಹೋಗದೆ ಇಬ್ಬರಿಗೂ ಒಂದೇ ಅಂಗಿ ತೊಡಿಸಿ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರಿಸಿಬಿಡುತ್ತದೆ. ಯಂತ್ರವೂ ಮಿಷನ್, ಧ್ಯೇಯವೂ ಮಿಷನ್. ಧ್ಯೇಯ ನಮ್ಮ ಕಡೆಗೆ ಸ್ವಲ್ಪ ತಡವಾಗಿ ಬಂದದ್ದರಿಂದ ಅದಕ್ಕೆ ಪಂಕ್ತಿಯ ತುದಿ ಸಿಕ್ಕಿದೆ, ಅಷ್ಟೆ. ಬಟ್ಟೆ ಹೊಲಿಯುವುದು ಮಿಷನ್, ತಲೆ ಬೋಳಿಸುವುದು ಮಿಷನ್, ಎದೆಗೂಡಿನ ಚಿತ್ರ ತೆಗೆಯುವುದು ಮಿಷನ್. ಆದರೆ ನಾನು ಹುಟ್ಟಿ ಬೆಳೆದ ಹರಿಹರದ ಓಣಿಯಲ್ಲಿ, ಹಿಂದೆ ಮುಂದೆ ಯಾವ ವಿಶೇಷಣವೂ ಇಲ್ಲದೆ ಬರೀ ‘ಮಿಷನ್’ ಎಂದರೆ ಅದು ಹಿಟ್ಟಿನ ಗಿರಣಿ. ಆ ಗಿರಣಿ ನಮ್ಮಪ್ಪನದು. ಆದ್ದರಿಂದ ಅವರು ಮಿಷನ್ ಬಸಣ್ಣ, ನಮ್ಮವ್ವ ಮಿಷನ್ ಬಸಣ್ಣನ ಮನೆಯವರು, ನಾನು ಮಿಷನ್ ಬಸಣ್ಣನ ಮಗಳು. ಧ್ಯೇಯವಿರುವ ಮನೆತನ ಎಂದು ಬೇಕಾದರೆ ನೀವು ಅಂದುಕೊಳ್ಳಬಹುದು, ನಮ್ಮ ಅಭ್ಯಂತರವಿಲ್ಲ.

ಹರಿಹರದಲ್ಲಿ ಗಿರಣಿ ನಡೆಸುವುದು ಸುಲಭದ ಮಾತಲ್ಲ. ದಕ್ಷಿಣದ ಮುದ್ದೆಯೂ ಉತ್ತರದ ರೊಟ್ಟಿಯೂ ಸಂಧಿಸುವ ಊರು ಅದು. ಅರ್ಧ ಹರಿ, ಅರ್ಧ ಹರ ಒಂದೇ ಮೈಯಲ್ಲಿ ನಿಂತಿರುವ ದೇವರ ಊರಿನಲ್ಲಿ ಅರ್ಧ ರಾಗಿ, ಅರ್ಧ ಜೋಳ ಒಂದೇ ಕಲ್ಲಿನಲ್ಲಿ ಬೀಳುವುದು ನ್ಯಾಯವೇ ಇರಬಹುದು, ಆದರೆ ದೇವರಂತೆ ಹಿಟ್ಟು ಹೊಂದಿಕೊಳ್ಳುವುದಿಲ್ಲ. ರಾಗಿ ಬೀಸಿದ ಕಲ್ಲಿಗೆ ತಕ್ಷಣ ಗೋಧಿ ಹಾಕಿದರೆ ಕಲ್ಲಿನ ಸಂದಿಯಲ್ಲಿ ಉಳಿದ ರಾಗಿಯೆಲ್ಲ ಗೋಧಿಯ ಜೊತೆ ಇಳಿದು, ಚಪಾತಿಗೆ ಶೋಕದ ಬಣ್ಣ ಬರುತ್ತದೆ. ಅದಕ್ಕೇ ಅಪ್ಪ ಬಂದ ಡಬ್ಬಿಗಳನ್ನೆಲ್ಲ ಗೋಡೆಯ ಪಕ್ಕ ಸಾಲಾಗಿಟ್ಟು, ತಮ್ಮ ಮನಸ್ಸಿನಲ್ಲೇ ಏನೋ ಲೆಕ್ಕ ಹಾಕಿ, ಒಂದನ್ನು ಹಿಂದೆ ಒಂದನ್ನು ಮುಂದೆ ಜರುಗಿಸುತ್ತ ಇರುತ್ತಿದ್ದರು. ಮೊದಲು ಅಕ್ಕಿ, ಆಮೇಲೆ ಗೋಧಿ, ಆಮೇಲೆ ಜೋಳ, ಕಡೆಗೆ ರಾಗಿ. ಬಿಳಿಯಿಂದ ಕಪ್ಪಿಗೆ, ಸಂಜೆ ಇಳಿದ ಹಾಗೆ. ಹೆಂಗಸರು ಡಬ್ಬಿ ಇಟ್ಟು ಸಂತೆಗೋ ಹೊಳೆದಂಡೆಗೋ ಹೋಗಿ ಬರುತ್ತಿದ್ದರು. ಯಾರದು ಮೊದಲು ಎಂಬ ಜಗಳ ನಾನು ಎಂಬಿಎ ಸೇರುವವರೆಗೂ ನಮ್ಮ ಗಿರಣಿಯಲ್ಲಿ ನಡೆದದ್ದಿಲ್ಲ.

ಎಂಬಿಎ ಸೇರಿದ್ದನ್ನು ಹೇಳಬೇಕು. ನಮ್ಮ ಮನೆತನದಲ್ಲಿ ನನಗಿಂತ ಮೊದಲು ಡಿಗ್ರಿ ಎನ್ನುವುದು ಬಂದದ್ದು ಜ್ವರದ ರೂಪದಲ್ಲಿ ಮಾತ್ರ. ಅಪ್ಪ ನಾಲ್ಕನೇ ಕ್ಲಾಸು, ಅವ್ವ ಎರಡನೇ ಕ್ಲಾಸಿನ ದೀಪಾವಳಿ ರಜೆಯವರೆಗೆ. ನಾನು ಗಿರಣಿಯ ಸದ್ದಿನಲ್ಲೇ ಓದಿ, ಈಗಲೂ ಯಾರಾದರೂ ಪಿಸುಗುಟ್ಟಿದರೆ “ಆಂ?” ಎಂದು ಕಿರುಚುವ ಅಭ್ಯಾಸ ಬೆಳೆಸಿಕೊಂಡು, ಬಿಕಾಂ ಮುಗಿಸಿ, ಪ್ರವೇಶ ಪರೀಕ್ಷೆ ಬರೆದು, ಸ್ವಂತ ಅಂಕಗಳ ಮೇಲೆ ದಾವಣಗೆರೆಯಲ್ಲಿ ಸೀಟು ಗಿಟ್ಟಿಸಿದೆ. ಇದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ. ವಿನಯವೆನ್ನುವುದು ಮೂರನೇ ತಲೆಮಾರಿನ ಪದವೀಧರರಿಗೆ ಒಪ್ಪುವ ಒಡವೆ, ನಮಗೆ ಈಗಲೇ ಕೊಳ್ಳಲು ಆಗುವುದಿಲ್ಲ. ಆದರೆ ಹೆಮ್ಮೆಪಡಲು ಊರವರು ಬಿಡಬೇಕಲ್ಲ! ಕಾಲೇಜುಗಳ ಪಕ್ಕದಲ್ಲೇ ಬದುಕುವ ನಮ್ಮ ಮಂದಿಗೆ ‘ಮ್ಯಾನೇಜ್‌ಮೆಂಟ್’ ಎಂದ ಕೂಡಲೇ ನೆನಪಾಗುವುದು ದುಡ್ಡು ಕೊಟ್ಟು ಹಿಡಿಯುವ ಮ್ಯಾನೇಜ್‌ಮೆಂಟ್ ಸೀಟು. “ಏನ್ ಓದ್ತಾಳೆ ನಿಮ್ ಹುಡುಗಿ?” ಎಂದು ಕೇಳಿದವರಿಗೆ ಅವ್ವ ಕಷ್ಟಪಟ್ಟು ಬಾಯಿಪಾಠ ಮಾಡಿದ್ದ ‘ಮ್ಯಾನೇಜ್‌ಮೆಂಟ್’ ಎಂಬ ಶಬ್ದ ಹೇಳುತ್ತಿದ್ದಂತೆಯೇ ಅವರ ಮುಖದಲ್ಲಿ ಅನುಕಂಪ ಮೂಡುತ್ತಿತ್ತು. “ಅಯ್ಯೋ, ಮೆರಿಟ್ಟಿನಾಗ ಸಿಗ್ಲಿಲ್ಲೇನು?”

ನಮ್ಮ ಎದುರು ಮನೆಯ ಗಂಗಕ್ಕ ಇನ್ನೊಂದು ಹೆಜ್ಜೆ ಮುಂದೆ ಹೋದಳು. ಗಂಗಕ್ಕ ಎಂದರೆ ನಮ್ಮ ಗಿರಣಿಯ ಅತಿ ಹಳೆಯ ಗಿರಾಕಿ, ಓಣಿಯ ಅತಿ ಹರಿತವಾದ ನಾಲಿಗೆ. ಅವಳಿಗೆ ಗೊತ್ತಿದ್ದ ಮ್ಯಾನೇಜರುಗಳು ಇಬ್ಬರು: ಟಾಕೀಸಿನ ಮ್ಯಾನೇಜರು, ಖಾನಾವಳಿಯ ಮ್ಯಾನೇಜರು. “ಅಲ್ಲ ಬಸಣ್ಣಾ, ಎಲ್ಡು ವರ್ಷ ಓದ್ಸಿ ಹುಡುಗೀನ ಗಲ್ಲಾದಾಗ ಕೂಡ್ರುಸ್ತೀಯಾ? ನಿನ್ ಗಲ್ಲಾ ಏನ್ ಪಾಪ ಮಾಡೈತೆ?” ಎಂದು ಕೇಳಿದಳು. ಅಪ್ಪನಿಗೆ ಉತ್ತರ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಗೊತ್ತಿರಲಿಲ್ಲ. ವೈದ್ಯ ಓದಿದವರು ವೈದ್ಯರಾಗುತ್ತಾರೆ, ಕಾನೂನು ಓದಿದವರು ವಕೀಲರಾಗುತ್ತಾರೆ. ನಿರ್ವಹಣೆ ಓದಿದವರು ಏನಾಗುತ್ತಾರೆಂಬುದು ಅವರನ್ನು ಯಾರು ನಿರ್ವಹಿಸುತ್ತಾರೆ ಎಂಬುದರ ಮೇಲೆ ಹೋಗುತ್ತದೆ.

ಈಗ ಹಿಂತಿರುಗಿ ನೋಡಿದರೆ ನಮ್ಮ ತರಗತಿಯವರೆಲ್ಲರೂ ಏನಾದರೊಂದು ಆಗಿದ್ದಾರೆ, ಮತ್ತು ಏನಾಗಿದ್ದಾರೆಂದು ಮನೆಯವರಿಗೆ ತಿಳಿಹೇಳುವುದರಲ್ಲೇ ಅರ್ಧ ಆಯುಷ್ಯ ಕಳೆಯುತ್ತಿದ್ದಾರೆ. ಒಬ್ಬ ‘ಬಿಸಿನೆಸ್ ಡೆವಲಪ್‌ಮೆಂಟ್ ಎಕ್ಸಿಕ್ಯುಟಿವ್’. ಬಸ್ ನಿಲ್ದಾಣದ ಎದುರು ಬಣ್ಣದ ಛತ್ರಿಯ ಕೆಳಗೆ ಸಿಮ್ ಮಾರುತ್ತಾನೆ, ಅವನ ಬಿಸಿನೆಸ್ಸು ಬಿಸಿಲಿಗೆ ತಕ್ಕಂತೆ ಡೆವಲಪ್ಪಾಗುತ್ತದೆ. ಇನ್ನೊಬ್ಬಳು ಬ್ಯಾಂಕಿನಲ್ಲಿ ‘ರಿಲೇಷನ್‌ಶಿಪ್ ಮ್ಯಾನೇಜರ್’. ಅದನ್ನು ನಾನೇ ಗಂಗಕ್ಕನಿಗೆ ‘ಸಂಬಂಧಗಳನ್ನು ನೋಡಿಕೊಳ್ಳುವ ಮ್ಯಾನೇಜರು’ ಎಂದು ಶುದ್ಧ ಕನ್ನಡದಲ್ಲಿ ಅನುವಾದಿಸಿದ ತಪ್ಪಿಗೆ, ಗಂಗಕ್ಕ ಮಾರನೆಯ ದಿನವೇ ತನ್ನ ಕಿರಿಮಗಳ ಫೋಟೋ, ಜಾತಕ ಎರಡನ್ನೂ ಕವರಿನಲ್ಲಿ ಹಾಕಿ, “ಒಳ್ಳೆ ಸಂಬಂಧ ಬಂದ್ರೆ ತಿಳ್ಸಾಕೆ ಹೇಳವ್ವಾ” ಎಂದು ಕೊಟ್ಟುಹೋದಳು. ಮತ್ತೊಬ್ಬ ದಾವಣಗೆರೆಯ ಬಟ್ಟೆ ಅಂಗಡಿಯೊಂದರಲ್ಲಿ ‘ಫ್ಲೋರ್ ಮ್ಯಾನೇಜರ್’. ಆ ಸುದ್ದಿ ಕೇಳಿ ಅಪ್ಪ ಮೊದಲ ಬಾರಿಗೆ ನನ್ನ ವಿದ್ಯೆಯ ಬಗ್ಗೆ ಆತ್ಮೀಯತೆ ತೋರಿಸಿದರು. “ಫ್ಲೋರ್ ಮ್ಯಾನೇಜರಾ? ಬಟ್ಟೆ ಅಂಗಡ್ಯಾಗ ಯಾಕ ಅದಾನೆ? ನಮ್ಮ ಕಡೆ ಬರಾಕ್ ಹೇಳು, ನಮ್ದೂ ಫ್ಲೋರ್ ಮಿಲ್ಲೇ ಅಲ್ವಾ.” ನಾನು ಆಸ್ಪತ್ರೆಯಲ್ಲಿ ಹೊರರೋಗಿಗಳ ಸರದಿ ನೋಡಿಕೊಳ್ಳುತ್ತೇನೆ. ಎಲ್ಲಿಗೋ ಹೋಗುತ್ತೇನೆಂದು ಹೊರಟವಳು ಮತ್ತೆ ಸಾಲಿನ ಬಳಿಗೇ ಬಂದು ನಿಂತಿದ್ದೇನೆ, ಡಬ್ಬಿಗಳ ಬದಲು ಮನುಷ್ಯರು.

ಇಷ್ಟಾದರೂ ಆಗಲು ಡಿಗ್ರಿ ಕೈಗೆ ಬರಬೇಕಿತ್ತು, ಮತ್ತು ಅದು ಬರದೇ ಹೋಗುವ ಅಂಚಿಗೆ ಬಂದು ನಿಂತಿತ್ತು. ಆ ಕಥೆಯನ್ನೇ ಹೇಳಲು ಹೊರಟದ್ದು. ನಡುವೆ ಸಂಬಂಧಗಳು ಅಡ್ಡ ಬಂದವು.

ಕಡೆಯ ಸೆಮಿಸ್ಟರಿನಲ್ಲಿ ಪ್ರತಿ ವಿದ್ಯಾರ್ಥಿಯೂ ಒಂದು ಸಂಸ್ಥೆಗೆ ಹೋಗಿ, ಅದರ ಕಾರ್ಯವೈಖರಿಯನ್ನು ಅಧ್ಯಯನ ಮಾಡಿ, ಏನಾದರೊಂದು ಸುಧಾರಣೆ ಸೂಚಿಸಿ, ನೂರು ಪುಟಕ್ಕೆ ಕಡಿಮೆಯಿಲ್ಲದ ವರದಿ ಬರೆದು, ಹೊರಗಿನಿಂದ ಬಂದ ಪರೀಕ್ಷಕರ ಮುಂದೆ ಸಮರ್ಥಿಸಿಕೊಳ್ಳಬೇಕು. ವರದಿ ತಿರಸ್ಕೃತವಾದರೆ ಡಿಗ್ರಿಯಿಲ್ಲ. ಆರು ತಿಂಗಳು ಕಾದು ಮತ್ತೆ ಮೊದಲಿಂದ. ಸಹಪಾಠಿಗಳಿಗೆ ಮಾವಂದಿರಿದ್ದರು, ಮಾವಂದಿರಿಗೆ ಕಾರ್ಖಾನೆಗಳಲ್ಲಿ ಪರಿಚಯವಿತ್ತು. ನಮ್ಮ ಮಾವನಿಗೆ ಪರಿಚಯವಿದ್ದದ್ದು ಒಬ್ಬ ಕಾರ್ಖಾನೆಯ ಗೇಟಿನವನು; ಅವನು ನನ್ನನ್ನು ಗೇಟಿನವರೆಗೆ ಅತ್ಯಂತ ಗೌರವದಿಂದ ಬರಮಾಡಿಕೊಂಡ, ಅದರಾಚೆಗೆ ಅವನ ಅಧಿಕಾರವಿರಲಿಲ್ಲ. ವಾಹನದ ಷೋರೂಮೊಂದರಲ್ಲಿ “ಪ್ರಾಯೋಗಿಕ ಅನುಭವ” ಎಂದು ಕೈಗೆ ಕರಪತ್ರದ ಕಟ್ಟು ಕೊಟ್ಟು ಸಿಗ್ನಲ್ಲಿನಲ್ಲಿ ನಿಲ್ಲಿಸಿದರು. ಮೂರು ವಾರ ಹೀಗೆ ಹೋಯಿತು. ಒಂದು ಸಂಜೆ ದಾರಿಯ ಬಾತಿ ಊರು ದಾಟಿ ಬರುವ ಬಸ್ಸಿನಲ್ಲಿ ನಿಂತು, ಕಣ್ಣಲ್ಲಿ ನೀರು ತುಂಬಿಕೊಂಡು ಬಂದು, ಗಿರಣಿಯ ಮೆಟ್ಟಿಲ ಮೇಲೆ ಕುಸಿದು ಕೂತೆ. ಅವ್ವ ಜರಡಿ ಹಿಡಿಯುತ್ತ ಎಲ್ಲವನ್ನೂ ಕೇಳಿಸಿಕೊಂಡಳು.

“ಸಂಸ್ಥೆ ಅಂದ್ರೆ ಏನೇ?”

“ಏನಾದ್ರೂ ತಯಾರು ಮಾಡೋ ಜಾಗ ಅವ್ವಾ. ಗಿರಾಕಿಗಳಿರ್ಬೇಕು, ಯಜಮಾನ ಇರ್ಬೇಕು.”

“ಮತ್ತೆ ನಿಮ್ಮಪ್ಪ ಏನ್ ಇಲ್ಲಿ ಭಜನೆ ಮಾಡ್ತಾರಾ?”

ನನ್ನ ಗೈಡ್ ಮೇಷ್ಟ್ರು ಇದನ್ನು ಕೇಳಿ ಬಹಳ ಹೊತ್ತು ಕಿಟಕಿಯ ಹೊರಗೆ ನೋಡಿದರು. ಬೇರೆ ದಾರಿಯಿಲ್ಲವೆಂದು ಅವರಿಗೂ ಗೊತ್ತಿತ್ತು. ಒಪ್ಪಿದರು.

ಅಧ್ಯಯನ ಶುರುವಾಯಿತು. ಸಂಸ್ಥೆಯ ಬಲ, ದೌರ್ಬಲ್ಯ, ಅವಕಾಶ, ಅಪಾಯಗಳನ್ನು ಪಟ್ಟಿ ಮಾಡುವ ‘ಸ್ವಾಟ್ ಅನಾಲಿಸಿಸ್’ ಎಂಬುದೊಂದಿದೆ. ಅವ್ವನ ಕಿವಿಗೆ ಅದು ‘ಸೊಟ್ಟ ಅನಾಲಿಸಿಸ್’ ಎಂದು ಬಿತ್ತು. ಕಂಡವರಲ್ಲಿ ಸೊಟ್ಟ ಹುಡುಕುವ ಶಾಸ್ತ್ರಕ್ಕೆ ಸರ್ಕಾರ ಕಾಲೇಜು ಬೇರೆ ಕಟ್ಟಿಸಿದೆಯಲ್ಲ ಎಂದು ಅವಳಿಗೆ ಸೋಜಿಗ. “ಅದನ್ನ ಗಂಗಕ್ಕ ಪುಕ್ಸಟ್ಟೆ ಮಾಡ್ತಾಳಲ್ಲೇ” ಎಂದಳು. ನಾನು ಕಂಡುಹಿಡಿದ ಮುಖ್ಯ ಸೊಟ್ಟ ಏನೆಂದರೆ ಅಪ್ಪನ ಸರದಿ. ಮೊದಲು ಬಂದವರಿಗೆ ಮೊದಲು ಸೇವೆ ಎಂಬುದು ನಮ್ಮ ಪುಸ್ತಕದ ಮೂಲಮಂತ್ರ. ಇಲ್ಲಿ ನೋಡಿದರೆ ಬೆಳಗ್ಗೆ ಆರಕ್ಕೆ ರಾಗಿ ತಂದವಳು ಸಂಜೆ ಆರಕ್ಕೆ ಹಿಟ್ಟು ಒಯ್ಯುತ್ತಾಳೆ, ಹತ್ತಕ್ಕೆ ಅಕ್ಕಿ ತಂದವಳು ಹತ್ತೂಕಾಲಿಗೇ ಹೊರಟುಹೋಗುತ್ತಾಳೆ! ಘೋರ ಅನ್ಯಾಯ. ಹಳೆಯ ಕ್ಯಾಲೆಂಡರಿನ ಹಾಳೆ ಕತ್ತರಿಸಿ ಟೋಕನ್ ಮಾಡಿದೆ. ಒಂದು ಶನಿವಾರ, ಬಂದ ಕ್ರಮದಲ್ಲೇ ಬೀಸಬೇಕೆಂದು ಅಪ್ಪನಿಗೆ ಆದೇಶಿಸಿದೆ. ಅಪ್ಪ ಟೋಕನ್ನುಗಳನ್ನು ನೋಡಿದರು, ಡಬ್ಬಿಗಳನ್ನು ನೋಡಿದರು, ನನ್ನನ್ನು ನೋಡಿದರು. “ಹಂಗೇ ಮಾಡಾಣ ಬಿಡು” ಎಂದರು.

ಒಂದನೇ ಟೋಕನ್ ರಾಗಿ, ಎರಡನೆಯದು ಗೋಧಿ. ಗೋಧಿ ಗಂಗಕ್ಕನದು. ಅವತ್ತು ಸಂಜೆ ಅವಳ ಹಿರಿಮಗಳನ್ನು ನೋಡಲು ಗಂಡಿನ ಕಡೆಯವರು ಬರುವುದಿತ್ತು (ಬ್ಯಾಂಕಿನ ಮೂಲಕ ಅಲ್ಲ). ಅವಳಿಗೆ ಎರಡನೇ ನಂಬರ್ ಸಿಕ್ಕಿದ್ದಕ್ಕೆ ಬಲು ಖುಷಿಯಾಗಿ, “ಈಗ ನೋಡು, ಓದಿದ್ದಕ್ಕೂ ಸಾರ್ಥಕ” ಎಂದು ನನ್ನ ಗಲ್ಲ ಹಿಂಡಿ ಹೋದಳು. ನನ್ನ ವೃತ್ತಿಜೀವನದ ಮೊದಲ ಗ್ರಾಹಕತೃಪ್ತಿ ಅದು. ಅದು ಸುಮಾರು ಒಂಬತ್ತು ಗಂಟೆ ಕಾಲ ಬಾಳಿತು.

ಭಾನುವಾರ ಬೆಳಗ್ಗೆ ಗಂಗಕ್ಕ ಒಂದು ತಟ್ಟೆ ಹಿಡಿದು ಬಂದಳು. ತಟ್ಟೆಯಲ್ಲಿ ಕಂದು ಬಣ್ಣದ ದುಂಡನೆಯ ವಸ್ತುವೊಂದಿತ್ತು.

“ಏನಿದು?”

“ಪೂರಿ ಗಂಗಕ್ಕಾ” ಎಂದೆ, ಊಹಿಸಿ.

“ನಿನಗೆ ಗೊತ್ತಾತು. ಬೀಗರಿಗೆ ಗೊತ್ತಾಗ್ಲಿಲ್ಲ! ಇದು ಪೂರಿನೋ, ಮುದ್ದೆ ಲಟ್ಟಿಸಿ ಕರ್ದಿದ್ದೋ ಅಂತ ಕೇಳಿದ್ರು ಕಣೇ! ನಾನು ಎಲ್ಲಿ ಮುಖ ಇಟ್ಕಳ್ಲಿ?”

ಸಂಬಂಧ ಮುರಿದುಬೀಳಲಿಲ್ಲ ಎಂಬುದನ್ನು ಈಗಲೇ ಹೇಳಿ ನಿಮ್ಮ ಆತಂಕ ಕಳೆಯುತ್ತೇನೆ. ಹುಡುಗ ಅದನ್ನು ಆರೋಗ್ಯಕ್ಕೆ ಒಳ್ಳೆಯದೆಂದು ತಿಳಿದು ಆರು ತಿಂದನಂತೆ. ಆದರೆ ನನ್ನ ಕೈಯಲ್ಲಿ ಆ ಹೊತ್ತಿಗೆ ಗ್ರಾಹಕರ ಅಭಿಪ್ರಾಯ ಸಂಗ್ರಹಿಸುವ ಪ್ರಶ್ನಾವಳಿಯಿತ್ತು, ಎದುರಿಗೆ ಗ್ರಾಹಕಿಯಿದ್ದಳು, ಮತ್ತು ನಾನು ವಿಜ್ಞಾನಕ್ಕೆ ನಿಷ್ಠಳಾಗಿದ್ದೆ. “ಟೋಕನ್ ಪದ್ಧತಿ ಬಗ್ಗೆ ನಿನ್ನ ಅಭಿಪ್ರಾಯ ಹೇಳು ಗಂಗಕ್ಕ. ಅತೀವ ತೃಪ್ತಿ, ತೃಪ್ತಿ, ತಟಸ್ಥ, ಅತೃಪ್ತಿ, ಅತೀವ ಅತೃಪ್ತಿ. ಯಾವುದು ಬರ್ಕೊಳ್ಳಿ?”

“ಥೂ ಅಂತ ಬರ್ಕೋ.”

ಐದು ಕಾಲಂಗಳಲ್ಲಿ ಯಾವುದಕ್ಕೂ ‘ಥೂ’ ಹೊಂದಲಿಲ್ಲ. ಅತೀವ ಅತೃಪ್ತಿಯಲ್ಲಿ ಅಷ್ಟು ಉಗುಳಿಲ್ಲ. ಬಹಳ ಯೋಚಿಸಿ, ಆರನೆಯ ಕಾಲಂ ಒಂದನ್ನು ಎಳೆದು, ಅದರ ತಲೆಗೆ ‘ಥೂ’ ಎಂದೇ ಬರೆದು, ಕೆಳಗೆ ‘ಒಂದು’ ಎಂದು ತುಂಬಿದೆ. ಸಂಜೆಯೊಳಗೆ ಆ ಒಂದು ಹದಿನಾಲ್ಕಾಯಿತು.

ಇನ್ನು ಉಳಿದದ್ದು ಎರಡನೆಯ ಅಧ್ಯಾಯ: ಸಂಸ್ಥೆಯ ಪರಿಚಯ, ವಿಷನ್, ಮಿಷನ್. ನಮ್ಮಲ್ಲಿ ಈ ಅಧ್ಯಾಯವನ್ನು ಯಾರೂ ಬರೆಯುವುದಿಲ್ಲ, ಹಿರಿಯರಿಂದ ಪಡೆಯುತ್ತಾರೆ, ಮನೆದೇವರ ಹಾಗೆ. ಹಿಂದಿನ ವರ್ಷದ ಒಬ್ಬ ಸೀನಿಯರ್ ಸಿಮೆಂಟ್ ಕಾರ್ಖಾನೆಯ ಮೇಲೆ ಬರೆದಿದ್ದ ಅಧ್ಯಾಯ ನನ್ನ ಪಾಲಿಗೆ ಬಂತು. ಕಂಪ್ಯೂಟರಿಗೆ ‘ಸಿಮೆಂಟ್’ ಎಂದಿರುವಲ್ಲೆಲ್ಲ ‘ಹಿಟ್ಟು’ ಎಂದು ಬದಲಾಯಿಸಲು ಹೇಳಿದೆ. ಅದು ಒಂದೇ ಉಸಿರಿನಲ್ಲಿ ನೂರಾರು ಚೀಲ ಬದಲಾಯಿಸಿತು. ಎರಡೂ ಪುಡಿಯೇ ತಾನೇ ಎಂದು ನಾನು ಸಮಾಧಾನಪಟ್ಟುಕೊಂಡೆ. ಕಡೆಗೆ, ಸಂಸ್ಥೆಯ ಮುಖ್ಯಸ್ಥರು ಸ್ವಹಸ್ತದಿಂದ ತುಂಬಿ ಸಹಿ ಮಾಡಬೇಕಾದ ಇಂಗ್ಲಿಷಿನ ಪತ್ರವೊಂದಿತ್ತು. ಅಪ್ಪನಿಗಾಗಿ ಪ್ರಶ್ನೆಗಳನ್ನೆಲ್ಲ ಕನ್ನಡಕ್ಕೆ ತರುತ್ತ ಬಂದೆ. ವಿಷನ್, ಮಿಷನ್ ಬಂದಾಗ ನಿಂತೆ. ಅವಕ್ಕೆ ಕನ್ನಡದಲ್ಲಿ ಏನೆನ್ನುತ್ತಾರೆಂದು ನನಗೇ ಗೊತ್ತಿರಲಿಲ್ಲ. ಎರಡು ವರ್ಷ ಪಠಿಸಿದ್ದೆ, ಒಂದು ದಿನವೂ ಅರ್ಥ ಕೇಳಿಕೊಂಡಿರಲಿಲ್ಲ. ಕನ್ನಡ ಅಕ್ಷರದಲ್ಲಿ ಹಾಗೆಯೇ ‘ವಿಷನ್’, ‘ಮಿಷನ್’ ಎಂದು ಬರೆದು ಕೊಟ್ಟೆ. ಮರುದಿನ ಅಪ್ಪ ಕೊಟ್ಟ ಪತ್ರವನ್ನು ಮಡಿಸಿಕೊಂಡು ಬಸ್ಸಿಗೆ ಓಡಿ, ದಾವಣಗೆರೆಯಲ್ಲಿ ವರದಿಯ ಕೊನೆಗೆ ಸೇರಿಸಿ ಗಟ್ಟಿ ರಟ್ಟು ಹಾಕಿಸಿ ಒಪ್ಪಿಸಿಬಿಟ್ಟೆ. ಓದಲಿಲ್ಲ. ಅಪ್ಪನ ಸಹಿ ಕಂಡಿತು, ಸಾಕೆನಿಸಿತು.

ಪರೀಕ್ಷೆಯ ದಿನ ನನ್ನದು ಇಪ್ಪತ್ತೆರಡನೆಯ ಸರದಿ. ಪರೀಕ್ಷಕರು ಧಾರವಾಡದ ಕಡೆಯ ಹಿರಿಯರು; ಅಷ್ಟು ಹೊತ್ತಿಗೆ ಇಪ್ಪತ್ತೊಂದು ಸಂಸ್ಥೆಗಳು ಜಗತ್ತಿನಲ್ಲಿ ಅಗ್ರಸ್ಥಾನಕ್ಕೆ ಬರಲು ಹೊರಟಿದ್ದನ್ನು ಕೇಳಿ ದಣಿದಿದ್ದರು. ನನ್ನ ವರದಿ ತೆರೆದು ಗಟ್ಟಿಯಾಗಿ ಓದತೊಡಗಿದರು. ಇಂಗ್ಲಿಷಿನಲ್ಲಿದ್ದದ್ದನ್ನು ನಿಮಗಾಗಿ ಕನ್ನಡದಲ್ಲಿ ಹೇಳುತ್ತೇನೆ. “‘ಈ ಸಂಸ್ಥೆಯ ಹಿಟ್ಟು ಗಟ್ಟಿತನಕ್ಕೆ ಹೆಸರಾಗಿದೆ. ನೀರು ಬಿದ್ದ ನಂತರ ಕಲ್ಲಿನಂತಾಗುತ್ತದೆ. ನಾಡಿನ ಹಲವು ಸೇತುವೆಗಳನ್ನು ಇದೇ ಹಿಟ್ಟಿನಿಂದ ಕಟ್ಟಲಾಗಿದೆ.’ ಏನ್ರೀ ಇದು?”

ಗೈಡ್ ಮೇಷ್ಟ್ರು ಕಿಟಕಿಯ ಹೊರಗೆ ನೋಡಿದರು. ಆ ಕಿಟಕಿಯ ಹೊರಗೆ ಏನಿದೆಯೋ ನನಗೆ ಇವತ್ತಿಗೂ ತಿಳಿಯದು.

ಪರೀಕ್ಷಕರು ಪುಟ ತಿರುವುತ್ತ ಕೊನೆಗೆ ಬಂದರು. ಅಪ್ಪನ ಪತ್ರ. ದುಂಡನೆಯ ನಾಲ್ಕನೇ ಕ್ಲಾಸಿನ ಅಕ್ಷರ. ಅದನ್ನೂ ಗಟ್ಟಿಯಾಗಿಯೇ ಓದಿದರು.

“ಸಂಸ್ಥೆಯ ವಿಷನ್: ಬಲಗಣ್ಣು ಚೆನ್ನಾಗಿದೆ. ಎಡಗಣ್ಣಿಗೆ ಪೊರೆ ಬಂದಿದೆ. ಮುಂದಿನ ತಿಂಗಳು ಆಪರೇಷನ್. ಸಂಸ್ಥೆಯ ಮಿಷನ್: ಒಂದು, ಹತ್ತು ಎಚ್.ಪಿ. ಬೆಲ್ಟು ಹೊಸದು. ಒಟ್ಟು ಸಿಬ್ಬಂದಿ: ನಾನು. ಮಹಿಳಾ ಸಿಬ್ಬಂದಿ: ಮನೆಯವರು, ಸಿಟ್ಟು ಬಂದಾಗ ಬರುವುದಿಲ್ಲ. ಮುಖ್ಯ ಪ್ರತಿಸ್ಪರ್ಧಿ: ಕರೆಂಟು ಹೋಗುವುದು.”

ವಿಷನ್ ಎಂಬ ಶಬ್ದವನ್ನು ಅಪ್ಪ ಕಂಡದ್ದು ಕನ್ನಡಕದ ಅಂಗಡಿಯ ಬೋರ್ಡಿನ ಮೇಲೆ, ಕೇಳಿದ್ದು ಕಣ್ಣಿನ ಡಾಕ್ಟರ ಬಾಯಲ್ಲಿ. ಅವರಿಗೆ ಕೇಳಿದ್ದಕ್ಕೆ ಅವರು ಸತ್ಯವಾಗಿ ಉತ್ತರಿಸಿದ್ದರು. ನೂರಾ ಹನ್ನೆರಡು ಪುಟಗಳಲ್ಲಿ ಸತ್ಯವಾಗಿದ್ದದ್ದು ಬಹುಶಃ ಅದೊಂದೇ ಪುಟ. ನನ್ನ ಕಿವಿಗಳು ಕಾದ ಹಂಚಾಗಿದ್ದವು. ಹರಿಹರದಲ್ಲಿ ಅಪ್ಪ ಆಗಲೇ ಬಂದವರಿಗೆಲ್ಲ “ನಮ್ ಹುಡುಗೀದು ಇವತ್ತಿಗೆ ಮುಗೀತು” ಎನ್ನುತ್ತಿರುತ್ತಾರೆ, ನಿಜವಾಗಿಯೂ ಮುಗಿಯಿತಲ್ಲ ಎಂದುಕೊಂಡೆ.

“ಎರಡನೇ ಅಧ್ಯಾಯ ನೀವು ಬರ್ದಿದ್ದೇನ್ರಿ?”

“ಅಲ್ಲ ಸರ್. ಸಿಮೆಂಟಿನದು ಸರ್.”

“ಹಂಗಾದ್ರ ಇದರಾಗ ನಿಮ್ಮದು ಅಂತ ಏನೈತಿ?”

ಸುಳ್ಳು ಹೇಳುವಷ್ಟು ಬುದ್ಧಿ ಆ ಕ್ಷಣಕ್ಕೆ ಉಳಿದಿರಲಿಲ್ಲ. “ಥೂ ಸರ್” ಎಂದೆ.

ಗೈಡ್ ಮೇಷ್ಟ್ರು ಕಿಟಕಿಯಿಂದ ಕಣ್ಣು ಕಿತ್ತು ನನ್ನನ್ನು ನೋಡಿದರು. “ಎಪ್ಪತ್ತೊಂಬತ್ತನೇ ಪುಟ ಸರ್, ಆರನೇ ಕಾಲಂ” ಎಂದು ಅವಸರದಿಂದ ಸೇರಿಸಿದೆ. ಪರೀಕ್ಷಕರು ಪುಟ ತೆಗೆದರು. ಹದಿನಾಲ್ಕು ಥೂಗಳನ್ನು ನೋಡಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಹೇಳ್ರಿ” ಎಂದರು.

ಹೇಳಿದೆ. ಟೋಕನ್, ರಾಗಿ, ಗೋಧಿ, ಪೂರಿ, ಬೀಗರು. ಮೊದಲು ಬಂದವರಿಗೆ ಮೊದಲು ಎಂಬ ನಿಯಮ ಮನುಷ್ಯರ ಸಾಲಿಗೆ ಸರಿಯಿರಬಹುದು, ಕಲ್ಲಿಗೆ ಗೊತ್ತಿರುವುದು ಬಿಳಿ, ಕಪ್ಪು ಮಾತ್ರ ಎಂದೆ. ಬಿಳಿಯಿಂದ ಕಪ್ಪಿಗೆ ಹೋದರೆ ದಿನಕ್ಕೊಮ್ಮೆ ಕಲ್ಲು ಸ್ವಚ್ಛ ಮಾಡಿದರೆ ಸಾಕು, ನನ್ನ ಪದ್ಧತಿಯಲ್ಲಿ ಹೋದರೆ ಪ್ರತಿ ಡಬ್ಬಿಗೂ ಸ್ವಚ್ಛ ಮಾಡಬೇಕು ಎಂದೆ. ಅಪ್ಪ ಡಬ್ಬಿ ಜರುಗಿಸುವುದನ್ನು ಇಪ್ಪತ್ತು ವರ್ಷ ದಿನಾ ನೋಡಿಯೂ ಅದೊಂದು ಪದ್ಧತಿ ಎಂದು ನನಗೆ ಹೊಳೆದಿರಲಿಲ್ಲ, ಹೊಳೆಯಲು ಗಂಗಕ್ಕ ಉಗಿಯಬೇಕಾಯಿತು ಎಂದೆ. ಗಿರಣಿಯ ಅಭ್ಯಾಸಬಲದಿಂದ ಇದನ್ನೆಲ್ಲ ಕಿರುಚಿಯೇ ಹೇಳುತ್ತಿದ್ದೆನೆಂದು ಕಾರಿಡಾರಿನಲ್ಲಿದ್ದವರು ಆಮೇಲೆ ತಿಳಿಸಿದರು.

ಪರೀಕ್ಷಕರು ನಗುತ್ತಿದ್ದರು, ಹೊಟ್ಟೆ ಮಾತ್ರ ಕುಣಿಯುತ್ತಿತ್ತು, ಸದ್ದಿರಲಿಲ್ಲ. “ನಿಮ್ಮಪ್ಪಗ ಮೊದಲ ಗೊತ್ತಿತ್ತಲ್ಲ, ಯಾಕ ತಡೀಲಿಲ್ಲ?” ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. “ಕೇಳಿಕೊಂಡು ಬರ್ರಿ. ಪಾಸು ಮಾಡೇನಿ. ಆದ್ರ ಸಿಮೆಂಟ್ ಕಿತ್ತುಹಾಕಿ, ಎರಡನೇ ಅಧ್ಯಾಯ ಹೊಸದಾಗಿ ಬರ್ದು, ಮೂರು ದಿನದಾಗ ಕೊಡ್ರಿ. ವಿಷನ್, ಮಿಷನ್ ನಿಮ್ಮಪ್ಪನ ಬಾಯಿಂದಲೇ ಬರಬೇಕು.”

ಆ ಸಂಜೆ ಕರೆಂಟು ಹೋಗಿತ್ತು. ಪ್ರತಿಸ್ಪರ್ಧಿಯ ಕೃಪೆಯಿಂದ ಅಪ್ಪ ಬಿಡುವಾಗಿದ್ದರು. ಕೇಳಿದೆ.

“ನಾನೇನ್ ತಡೀಲಿ? ಎಂಬಿಎದಾಗ ಹಿಂಗೇ ಹೇಳ್ಕೊಡ್ತಾರೇನೋ ಅಂದ್ಕಂಡೆ” ಎಂದರು. ಅವರ ಮುಖದಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಮಿಷನ್ ಎಂದರೆ ಯಂತ್ರವಲ್ಲ, ಗಿರಣಿಯನ್ನು ಯಾತಕ್ಕಾಗಿ ನಡೆಸುತ್ತೀಯೋ ಅದು ಎಂದು ಈ ಸಲ ಸರಿಯಾದ ಕನ್ನಡದಲ್ಲಿ ಬಿಡಿಸಿ ಹೇಳಿದೆ. ಅಪ್ಪ ನಾಚಿದರು. ಬೆಲ್ಟಿನ ಮೇಲೆ ಕೈಯಾಡಿಸಿದರು. ಅವ್ವನ ಕಡೆ ನೋಡಿದರು. ಆಮೇಲೆ, “ಅವ್ರವ್ರ ಹಿಟ್ಟು ಅವ್ರವ್ರ ಡಬ್ಬಿಗೆ ಹೋಗ್ಬೇಕು. ಅಷ್ಟೇ” ಎಂದರು.

“ವಿಷನ್ ಅಂದ್ರೆ, ಮುಂದೆ ಏನು ಕಾಣ್ತೀಯ ಅಂತ ಅಪ್ಪಾ.”

“ಅದನ್ನ ಆಪರೇಷನ್ ಆದ್ಮ್ಯಾಲೆ ಹೇಳ್ತೀನಿ ಬಿಡು.”

ಎರಡನ್ನೂ ಹಾಗೆಯೇ ಬರೆದುಕೊಟ್ಟೆ. ವಿಭಾಗದವರು ಮೊಹರು ಒತ್ತಿ ಸ್ವೀಕರಿಸಿದರು.

ಡಿಗ್ರಿಯ ಕಾಗದ ಕೈಗೆ ಬರುವ ಹೊತ್ತಿಗೆ ಅಪ್ಪನ ಆಪರೇಷನ್ ಮುಗಿದು ಕಣ್ಣಿನ ಪಟ್ಟಿ ಬಿಚ್ಚಿಯಾಗಿತ್ತು. ಬೇರೆಯವರು ಓದಿ ಹೇಳುವುದು ಬೇಡ, ತಾನೇ ಓದುತ್ತೇನೆಂದು ಹಟ ಹಿಡಿದು, ಗಿರಣಿಯ ಬಾಗಿಲಲ್ಲಿ ಬೆಳಕಿಗೆ ಹಿಡಿದು, ಇಂಗ್ಲಿಷಿನ ಕೆಳಗಿದ್ದ ಕನ್ನಡದಲ್ಲಿ ಮೊದಲು ನನ್ನ ಹೆಸರನ್ನು, ಆಮೇಲೆ ತಮ್ಮ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಗಂಗಕ್ಕ ಡಬ್ಬಿ ಹಿಡಿದು ನಿಂತು ಕೇಳಿಸಿಕೊಂಡಳು. ಇದ್ದಕ್ಕಿದ್ದಂತೆ ಅಪ್ಪನ ಮುಖ ಬಾಡಿತು. ಕಾಗದವನ್ನು ಹತ್ತಿರ ತಂದರು, ದೂರ ಹಿಡಿದರು, ಆಪರೇಷನ್ನಾದ ಕಣ್ಣನ್ನು ಒಂದು ಸಲ ಮುಚ್ಚಿ ತೆರೆದರು.

“ಇನ್ನೂ ಮಂಜು ಮಂಜು ಕಾಣ್ತೈತಲ್ಲೇ. ಪೊರೆ ಪೂರ್ತಿ ಹೋಗ್ಲಿಲ್ವೇನೋ.”

ನಾನು ಬಗ್ಗಿ ನೋಡಿ, ಕಾಗದದ ಮೇಲೆ ಬೆರಳಾಡಿಸಿ ಅವರಿಗೆ ತೋರಿಸಿದೆ. “ಪೊರೆ ಅಲ್ಲಪ್ಪಾ. ಹಿಟ್ಟು.”

“ಹೌದಾ? ಯಾವ್ದು?”

ಗಂಗಕ್ಕ ತಾನೂ ಬೆರಳು ಒತ್ತಿ, ಮೂಸಿ ನೋಡಿ, ಪರೀಕ್ಷಕಳ ಗತ್ತಿನಲ್ಲಿ ತೀರ್ಪು ಕೊಟ್ಟಳು. “ಗೋಧಿ. ಬರೇ ಗೋಧಿ.”

“ಹಂಗಾದ್ರೆ ಸರಿ” ಎಂದು ಅಪ್ಪ ಮತ್ತೆ ಮೊದಲಿನಿಂದ ಓದತೊಡಗಿದರು.